ಏಳು ಬಾಳೆಮರಿಗಳ ರಸೀದಿ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಹೇಳುತ್ತಾರೆ, ಕಚೇರಿಯಲ್ಲೂ ಹೇಳುತ್ತಾರೆ. ಆಟೊದವನ ಜೊತೆ ಜಗಳ, ತರಕಾರಿಯವಳ ಜೊತೆ ಜಗಳ, ಕ್ಯಾಂಟೀನಿನ ಚಹಾದಲ್ಲಿ ಸಕ್ಕರೆ ಹೆಚ್ಚಾದರೆ ಅದಕ್ಕೂ ಜಗಳ. ಇಷ್ಟೆಲ್ಲ ಜಗಳಗಂಟಿಯಾದ ನಾನು, ನಿಜವಾಗಿಯೂ ಜಗಳ ಮಾಡಬೇಕಾಗಿದ್ದ ಒಂದು ಮಧ್ಯಾಹ್ನ ತೆಪ್ಪಗೆ ಪೆನ್ನು ತೆಗೆದುಕೊಂಡು ಸಹಿ ಹಾಕಿದೆ. ಇದು ಆ ಸಹಿಯ ಕತೆ. ಕಮಲಾಪುರದ ಒಂದು ತೋಟದ ಕೆಂಪು ಬಾಳೆಯ ಕತೆಯೂ ಹೌದು, ಏಕೆಂದರೆ ಆ ಬಾಳೆ ಹೋದದ್ದು ಆ ಸಹಿಯಿಂದಲೇ.

ಕಲಬುರಗಿಯ ಅಂಚಿನಲ್ಲಿರುವ ಒಂದು ಸಣ್ಣ ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ ನನ್ನ ನೌಕರಿ. ಗಿಡದ ಮೊಳಕೆಯ ತುದಿಯಿಂದ ಉಗುರಿನಷ್ಟೂ ಇಲ್ಲದ ಚೂರು ಕತ್ತರಿಸಿ, ಗಾಜಿನ ಬಾಟಲಿಯೊಳಗೆ ಗಂಜಿಯಂಥ ಆಹಾರದ ಮೇಲಿಟ್ಟು, ತಂಪು ಕೋಣೆಯಲ್ಲಿ ದೀಪದ ಬೆಳಕು ಕೊಟ್ಟು ಸಸಿಯಾಗಿಸುವುದು ನನ್ನ ಕೆಲಸ. ರೋಗ ಹಿಡಿದ ತೋಟದಿಂದ ರೋಗವಿಲ್ಲದ ಸಸಿ ಪಡೆಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಶಹಾಬಜಾರದ ನಮ್ಮ ಮನೆಯಲ್ಲಿ ಅವ್ವ ಇದನ್ನು ಓಣಿಯವರಿಗೆಲ್ಲ ತನ್ನದೇ ರೀತಿಯಲ್ಲಿ ವಿವರಿಸುತ್ತಿದ್ದಳು. "ನಮ್ಮಾಕಿ ಬಾಟ್ಲಿಯೊಳಗ ತೋಟ ಮಾಡ್ತಾಳ. ಪಗಾರ ಸರಕಾರ ಕೊಡ್ತದ," ಅನ್ನುವಳು. ಕೇಳಿದವರು ಸರ್ಕಾರಕ್ಕೆ ತಲೆ ಕೆಟ್ಟಿದೆಯೋ ನನಗೋ ಎಂಬಂತೆ ನೋಡುತ್ತಿದ್ದರು.

ಕಲಬುರಗಿಯ ಹತ್ತಿರದ ಕಮಲಾಪುರದ ಕೆಂಪು ಬಾಳೆಯನ್ನು ನಮ್ಮ ಕಡೆಯವರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ದಪ್ಪ ಹಣ್ಣು, ಒಂದು ತಿಂದರೆ ಮಧ್ಯಾಹ್ನದ ಊಟ ಸ್ವಲ್ಪ ತಡವಾದರೂ ನಡೆಯುತ್ತದೆ. ಸೂಪರ್ ಮಾರ್ಕೆಟ್ ಎಂದು ಕರೆಯುವ ನಮ್ಮೂರ ಪೇಟೆಯ ಗಾಡಿಯವರು ಹಳದಿ ಬಾಳೆಯನ್ನು ಡಜನ್ ಲೆಕ್ಕದಲ್ಲಿ ಮಾರುತ್ತಾರೆ, ಇದನ್ನು ಮಾತ್ರ ಒಂದೊಂದಾಗಿ ಕೈಗಿಡುತ್ತಾರೆ. ಆ ಬಾಳೆಗೆ ಸೊರಗು ರೋಗ ಬಂದಿತ್ತು. ಬೇರಿನ ಮೂಲಕ ಒಳಗೆ ಹೊಕ್ಕು, ಮೇಲಿನ ಎಲೆ ಹಸಿರಾಗಿರುವಾಗಲೇ ದಿಂಡನ್ನು ಒಳಗಿಂದ ಕಪ್ಪಾಗಿಸುವ ರೋಗ. ಇದಕ್ಕೆಂದು ಸರ್ಕಾರ ನಮ್ಮ ಕೇಂದ್ರಕ್ಕೆ ಒಂದು ಮೂರು ವರ್ಷದ ಯೋಜನೆ ಕೊಟ್ಟಿತು. ಮೊದಲ ವರ್ಷ ರೋಗವಿಲ್ಲದ ಮೊಳಕೆ ಹುಡುಕುವುದು, ಎರಡನೆಯ ವರ್ಷ ಬಾಟಲಿಯಲ್ಲಿ ಅದನ್ನು ಹೆಚ್ಚಿಸುವುದು, ಮೂರನೆಯ ವರ್ಷ ಸಸಿಗಳನ್ನು ಹೊರಗಿನ ಗಾಳಿಗೆ ಒಗ್ಗಿಸಿ ತೋಟಕ್ಕೆ ಮರಳಿಸುವುದು. ಯೋಜನೆಯ ಹೊಣೆ ನನ್ನದು.

ಕಮಲಾಪುರದ ಅಕ್ಕನನ್ನು ನಾನು ಕಂಡದ್ದು ಆ ಮೊದಲ ವರ್ಷ. ಸಂಬಂಧದಲ್ಲಿ ಅಕ್ಕ ಅಲ್ಲ. ನನಗಿಂತ ಏಳೆಂಟು ವರ್ಷ ದೊಡ್ಡವಳು, ತೋಟವನ್ನು ತಾನೇ ನಡೆಸುವವಳು. ಗಂಡ ಕಿರಾಣಿ ಅಂಗಡಿ ನೋಡಿಕೊಳ್ಳುತ್ತಿದ್ದರು. ಬಡವಳೇನಲ್ಲ. ತೊಗರಿ ಬರುತ್ತಿತ್ತು, ಬಾವಿಯಲ್ಲಿ ನೀರಿತ್ತು, ಅಂಗಡಿ ನಡೆಯುತ್ತಿತ್ತು. ಬಾಳೆ ಅವಳಿಗೆ ಹೊಟ್ಟೆಪಾಡಿನ ಪ್ರಶ್ನೆಯಾಗಿರಲಿಲ್ಲ. ಅತ್ತೆಯ ಕೈಯಿಂದ ಬಂದದ್ದು, ಅತ್ತೆಗೆ ಅವಳ ಅತ್ತೆಯಿಂದ. ಆ ತೋಟದ ಹಣ್ಣಿನ ಸಿಪ್ಪೆ ಉಳಿದವರದಕ್ಕಿಂತ ತೆಳುವಾಗಿರುತ್ತದೆ ಎಂದು ಊರಿನವರೇ ಒಪ್ಪುತ್ತಿದ್ದರು, ಮತ್ತು ಒಪ್ಪಿದ್ದನ್ನು ಅಕ್ಕ ನಾನು ಹೋದಾಗಲೆಲ್ಲ ಎರಡೆರಡು ಸಲ ಹೇಳುತ್ತಿದ್ದಳು.

ಮೊದಲ ದಿನ ಅವಳು ನನ್ನನ್ನು ತೋಟದೊಳಗೆ ಬಿಡಲೇ ಇಲ್ಲ. "ಸರಕಾರದವ್ರು ಬರ್ತಾರ, ಫೋಟೊ ಹೊಡ್ಕೋತಾರ, ಹಣ್ಣ ತಿಂತಾರ, ಹೋಗ್ತಾರ. ನೀ ಯಾವದಕ್ಕ ಬಂದೀದಿ? ಫೋಟೊಕ್ಕೋ ಹಣ್ಣಿಗೋ?" ಎಂದು ಕೇಳಿದಳು.

"ರೋಗಕ್ಕ ಬಂದೀನಿ," ಎಂದೆ ನಾನೂ ಅಷ್ಟೇ ಗಡಸಾಗಿ. ಬಿಸಿಲಲ್ಲಿ ಬಸ್‌ಸ್ಟ್ಯಾಂಡಿನಿಂದ ನಡೆದು ಬಂದಿದ್ದೆ, ತಲೆ ಕಾದಿತ್ತು. ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು. ಜಗಳಗಂಟಿಗೆ ಜಗಳಗಂಟಿ ಸಿಕ್ಕಂತಾಯಿತು. ಆಮೇಲೆ ನಾನು ಅವಳಿಗೆ ತಂಗಿಯಾದೆ. ತಿಂಗಳಿಗೆ ಎರಡು ಸಲ ಹೋಗುತ್ತಿದ್ದೆ. ಹೋದರೆ ಸೀದಾ ಅಡುಗೆಮನೆಗೆ ಹೋಗಿ ಇಬ್ಬರಿಗೂ ನಾನೇ ಚಹಾ ಮಾಡಬೇಕು. "ಮನಿ ಮಂದಿಗೆ ನಾ ಚಾ ಮಾಡಿ ಕೊಡಂಗಿಲ್ಲ," ಅನ್ನುತ್ತಿದ್ದಳು.

ಅವಳ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಬಾಳೆಯ ಬುಡದಲ್ಲಿ ಏಳುವ ಎಳೆ ಗಿಡಕ್ಕೆ ನಾವು ಪುಸ್ತಕದಲ್ಲಿ ಕಂದು ಅನ್ನುತ್ತೇವೆ, ಅಕ್ಕ ಮರಿ ಅನ್ನುತ್ತಾಳೆ. ಯಾರಾದರೂ ಮರಿ ಕೇಳಿದರೆ ಕೊಡುತ್ತಾರೆ, ಆದರೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಬರೆದಿಡುವುದೂ ಇಲ್ಲ. ತೆಗೆದುಕೊಂಡು ಹೋದವರು ತಮ್ಮ ಗಿಡ ಗೊನೆ ಬಿಟ್ಟ ಮೇಲೆ ಅದರ ಬುಡದ ಒಂದು ಮರಿಯನ್ನು ತಾವೇ ಹೊತ್ತು ತಂದು ಕೊಟ್ಟವರ ತೋಟದಲ್ಲಿ ನೆಡಬೇಕು. ಒಬ್ಬರ ತೋಟ ಹಾಳಾದರೆ ಇನ್ನೊಬ್ಬರ ತೋಟದಿಂದ ಬಾಳೆ ಮರಳಿ ಬರುತ್ತದೆ. ಯಾರೂ ಮರೆಯುವುದಿಲ್ಲವೇ ಎಂದು ಕೇಳಿದ್ದೆ. "ಮರಿ ಒಯ್ದಾಂವ ಹೆಂಗ ಮರೀತಾನ? ದಿನಾ ಕಣ್ಣ ಮುಂದ ಬೆಳೀತಿರ್ತದಲ್ಲ," ಎಂದಿದ್ದಳು. ಆದರೆ ಸೊರಗು ರೋಗ ಆ ಎಲ್ಲ ತೋಟಗಳಿಗೂ ಹೊಕ್ಕಿತ್ತು. ಮರಿ ಒಯ್ದವರಲ್ಲಿ ಬಹಳಷ್ಟು ಜನ ಬಾಳೆಯನ್ನೇ ಬಿಟ್ಟು ಬೇರೆ ಬೆಳೆಗೆ ತಿರುಗಿದ್ದರು. ಮರಳಿ ಬರುವ ದಾರಿಗಳು ಒಂದೊಂದಾಗಿ ಮುಚ್ಚಿದ್ದವು.

ಉಳಿದದ್ದು ನಾನು. ಅವಳ ತೋಟದಲ್ಲಿ ಮೇಲ್ನೋಟಕ್ಕೆ ಚೆನ್ನಾಗಿದ್ದ ಗಿಡಗಳ ಬುಡದಿಂದ ಏಳು ಮರಿಗಳನ್ನು ನಾವಿಬ್ಬರೂ ಸೇರಿ ಅಗೆದೆವು. ಅಗೆದು ಒದ್ದೆ ಗೋಣಿಯಲ್ಲಿ ಸುತ್ತಿದ ಮೇಲೆ ನಾನು ಕಚೇರಿಯ ರಸೀದಿ ಪುಸ್ತಕ ತೆಗೆದೆ. ನಮ್ಮಲ್ಲಿ ರೈತರಿಂದ ಏನೇ ಪಡೆದರೂ ಗುಲಾಬಿ ಬಣ್ಣದ ಪ್ರತಿ ಕೊಡಬೇಕು. ಅಕ್ಕನ ಮುಖ ಕೆಂಪಾಯಿತು.

"ಒಳಗ ಇಡು ಅದನ್ನ," ಎಂದಳು. "ಕಾಗದ ಬರಸಿಕೊಂಡು ಮರಿ ಕೊಟ್ಟೀವಿ ಅಂದ್ರ ನಮ್ಮತ್ತಿ ಮ್ಯಾಲಿಂದ ಇಳದ ಬಂದು ಬಡೀತಾಳ ನನಗ. ನೀ ವಾಪಸ್ ತರ್ತೀ ಇಲ್ಲೋ?"

"ಏಳು ಒಯ್ದು ನೂರು ತರ್ತೀನಿ," ಎಂದೆ. ಹುರುಪಿನಲ್ಲಿ ಹೇಳಿದ್ದಲ್ಲ, ಲೆಕ್ಕ ಗೊತ್ತಿದ್ದೇ ಹೇಳಿದ್ದು. ಒಂದು ಶುದ್ಧ ಮೊಳಕೆ ಸಿಕ್ಕರೆ ಸಾಕು, ಬಾಟಲಿಯಲ್ಲಿ ನೂರೇನು, ಅದಕ್ಕಿಂತ ಹೆಚ್ಚು ಸಸಿ ಮಾಡಬಹುದು.

ಆಮೇಲೆ ಅವಳಿಗೆ ಇನ್ನೊಂದು ಮಾತು ಹೇಳಬೇಕಾಗಿತ್ತು. ಉಳಿದ ಗಿಡಗಳನ್ನೆಲ್ಲ ಕಿತ್ತು ಸುಡಬೇಕು, ಹಸಿರಾಗಿ ಕಾಣುವವನ್ನೂ. ನೆಲಕ್ಕೆ ಬಾಳೆಯಿಂದ ಬಿಡುವು ಕೊಟ್ಟು ಬೇರೆ ಬೆಳೆ ಹಾಕಬೇಕು. ಹಾಗೆ ಮಾಡದಿದ್ದರೆ ನಾನು ತರುವ ಶುದ್ಧ ಸಸಿಯೂ ಆ ಮಣ್ಣಿನಲ್ಲಿ ಸೊರಗುತ್ತದೆ. ಅಕ್ಕ ಎರಡು ವಾರ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ವಾರ ಹೋದಾಗ ಕುಡುಗೋಲು ಹಿಡಿದು ಒಂದು ಹಸಿರು ಗಿಡದ ದಿಂಡನ್ನು ನನ್ನೆದುರೇ ಅಡ್ಡ ಕತ್ತರಿಸಿದಳು. ಒಳಗೆ ಕಪ್ಪು ಚುಕ್ಕಿಗಳ ಬಳೆ. ಆಮೇಲೆ ಆಳುಗಳನ್ನು ಕರೆದಳು. ಇಡೀ ತೋಟ ಸುಟ್ಟು ಮುಗಿಯಲು ನಾಲ್ಕು ದಿನ ಹಿಡಿಯಿತು, ಹಸಿ ಬಾಳೆ ಬೇಗ ಉರಿಯುವುದಿಲ್ಲ. ನಾಲ್ಕೂ ದಿನ ನಾನು ಅಲ್ಲೇ ಇದ್ದೆ. ಕೊನೆಯ ದಿನ ಹೊಗೆಯಿಂದ ಕಣ್ಣು ಒರೆಸಿಕೊಳ್ಳುತ್ತ, "ಇನ್ನ ನಮ್ಮ ಮನಿ ಬಾಳಿ ಇರೋದು ನಿನ್ನ ಬಾಟ್ಲಿದಾಗ ಅಷ್ಟ," ಎಂದಳು.

ಏಳು ಮರಿಗಳಲ್ಲಿ ಐದರೊಳಗೆ ರೋಗ ಆಗಲೇ ಹೊಕ್ಕಿತ್ತು. ಎರಡು ಶುದ್ಧವಾಗಿದ್ದವು. ಆ ಎರಡರಿಂದ ಒಂದು ವರ್ಷದಲ್ಲಿ ತಂಪು ಕೋಣೆಯ ಮೂರು ಸಾಲು ಹಲಗೆಗಳು ತುಂಬಿದವು. ನನ್ನ ಜೊತೆ ಗುತ್ತಿಗೆಯ ಮೇಲೆ ಇಬ್ಬರು ಹೆಣ್ಣುಮಕ್ಕಳು ಕೆಲಸ ಮಾಡುತ್ತಿದ್ದರು, ಅವರ ಕೈ ನನ್ನ ಕೈಗಿಂತ ನಾಜೂಕು. ಬಾಟಲಿಯೊಳಗೆ ಎಳೆ ಎಲೆಯ ಬೆನ್ನಿನಲ್ಲಿ ನಸುಗೆಂಪು ಗೆರೆ ಮೂಡಿದ ದಿನ ನಾವು ಮೂವರೂ ಸೂಪರ್ ಮಾರ್ಕೆಟ್ಟಿಗೆ ಹೋಗಿ ಮಿರ್ಚಿಭಜಿ ತಿಂದು ಬಂದೆವು. ಅಕ್ಕನಿಗೆ ಫೋನಿನಲ್ಲಿ ಚಿತ್ರ ಕಳಿಸಿದೆ. ಅಂದಿನಿಂದ ಪ್ರತಿ ಗುರುವಾರ ಊಟದ ಬಿಡುವಿನಲ್ಲಿ ಅವಳ ಫೋನು ತಪ್ಪದೆ ಬರುತ್ತಿತ್ತು. ಕೇಳುವುದು ಒಂದೇ ಪ್ರಶ್ನೆ. "ನಮ್ಮವು ಹೆಂಗ ಅದಾವ?"

ಎರಡನೆಯ ವರ್ಷದ ಚಳಿಗಾಲ. ಸರ್ಕಾರ ಬಜೆಟ್ ತಯಾರಿಸುವ ದಿನಗಳು. ಪ್ರತಿ ಯೋಜನೆಯ ಸ್ಥಿತಿ ತಿಳಿಸಿ ಎಂದು ಮೇಲಿನಿಂದ ಒಂದು ಫಾರಂ ಬಂತು. ರಸ್ತೆ, ಚರಂಡಿ, ಸೇತುವೆಗಳಿಗೆಂದು ಮಾಡಿದ ಫಾರಂ ಅದು, ನಮಗೂ ಅದನ್ನೇ ಕಳಿಸುತ್ತಾರೆ. ಕೊನೆಯ ಅಂಕಣದಲ್ಲಿ ಎರಡೇ ಮನೆ: ಪೂರ್ಣ, ಅಪೂರ್ಣ. ಗಿಡ ಬೆಳೆಯುತ್ತಿದೆ ಎಂದು ಬರೆಯಲು ಅಲ್ಲಿ ಜಾಗವಿಲ್ಲ.

ಈ ಫಾರಂ ತುಂಬುವುದರಲ್ಲಿ ನಮ್ಮ ಕಚೇರಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಸುಳ್ಳಿದೆ. ಅಪೂರ್ಣ ಎಂದು ಬರೆದರೆ ಮೊದಲು ಕಾರಣ ಕೇಳುವ ನೋಟಿಸು, ಆಮೇಲೆ ವಿಡಿಯೊ ಸಭೆಯಲ್ಲಿ ಎಲ್ಲ ಜಿಲ್ಲೆಗಳೆದುರು ಬೈಗಳು. ಆದ್ದರಿಂದ ಈ ವರ್ಷದ ಪಾಲಿನ ಕೆಲಸ ಆಗಿದ್ದರೆ ಪೂರ್ಣ ಎಂದು ಬರೆಯುತ್ತಾರೆ. ಓದುವವರೂ ಅದನ್ನು ಹಾಗೆಯೇ ತಿಳಿದುಕೊಂಡು ಮುಂದಿನ ವರ್ಷದ ಹಣ ಕಳಿಸುತ್ತಾರೆ. ಹೊಸಬರಿಗೆ ಇದನ್ನು ಹೇಳಿಕೊಡುವುದೂ ಉಂಟು. ಮೊದಲ ವರ್ಷ ನಾನೂ ಹಾಗೆಯೇ ಬರೆದಿದ್ದೆ, ಏನೂ ಆಗಿರಲಿಲ್ಲ.

ಆದರೂ ಆ ಮಧ್ಯಾಹ್ನ ಯಾಕೋ ಮನಸ್ಸು ಒಪ್ಪಲಿಲ್ಲ. ಫಾರಂ ಹಿಡಿದು ನಮ್ಮ ಕೇಂದ್ರದ ಮುಖ್ಯಸ್ಥರ ಕೋಣೆಗೆ ಹೋದೆ. ಸಾಹೇಬರು ಒಳ್ಳೆಯ ಮಾತಿನ ಮನುಷ್ಯ. ನನ್ನ ಸಿಟ್ಟನ್ನು ತಮಾಷೆ ಮಾಡಿ ನಗಿಸುತ್ತಿದ್ದವರು, ಅವ್ವ ಆಸ್ಪತ್ರೆಯಲ್ಲಿದ್ದಾಗ ಕಾರಿನಲ್ಲಿ ಊಟ ಕಳಿಸಿದ್ದವರು. ನಾನು ಅವರನ್ನು ನಂಬುತ್ತಿದ್ದೆ.

"ಸರ್, ಸಸಿ ಇನ್ನೂ ಬಾಟ್ಲಿದಾಗ ಅದಾವ. ಒಂದೂ ಹೊರಗ ಬಂದಿಲ್ಲ. ಅಪೂರ್ಣ ಅಂತ ಬರೀತೀನಿ," ಎಂದೆ.

"ಬರೀರಿ. ನೋಟಿಸ್ ಬಂದ್ರ ನೀವ ಉತ್ತರ ಕೊಡ್ರಿ," ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ, "ಅಲ್ರೀ ಮೇಡಂ, ಇಷ್ಟ ವರ್ಷ ಆತು ನೌಕರಿ ಮಾಡಿ. ಕಾಗದ ಬ್ಯಾರೆ, ಕೆಲಸ ಬ್ಯಾರೆ. ಅಪೂರ್ಣ ಅಂದ್ರ ಇವ್ರ ಕಡಿಂದ ಆಗಂಗಿಲ್ಲ ಅಂತ ರೊಕ್ಕಾನ ನಿಲ್ಲಸ್ತಾರ. ಪೂರ್ಣ ಅಂತ ಹಾಕ್ರಿ. ಮುಂದಿಂದು ನಾ ಅದೀನಲ್ಲ," ಎಂದರು.

ನಾ ಅದೀನಲ್ಲ. ಆ ಮಾತಿಗೆ ನಾನು ಕರಗಿದೆ. ಪೂರ್ಣಗೊಂಡಿದೆ ಎಂದು ಬರೆದು, ದುಂಡಗೆ ಸಹಿ ಹಾಕಿ, ಮೊಹರು ಒತ್ತಿದೆ.

ಬಜೆಟ್ಟಿನ ದಿನ ಸಭಾಕೋಣೆಯ ಟಿವಿಯ ಮುಂದೆ ಇಡೀ ಕಚೇರಿ ಸೇರಿತ್ತು. ಬಜೆಟ್ ಭಾಷಣದಲ್ಲಿ ನಮ್ಮ ಕಡೆಯ ಹೆಸರು ಬಂದರೆ ನಮಗೆ ಅದೇ ಹಬ್ಬ. ಬರದಿದ್ದರೆ ಬೈಯಲು ಕಾರಣವಾಯಿತು, ಅದೂ ಹಬ್ಬವೇ. ಅಂದು ಪರಿಸರ ಎಂಬ ಮಾತು ಎಷ್ಟು ಸಲ ಬಂತೆಂದರೆ ನಮ್ಮ ಜವಾನ ಬೆರಳು ಮಡಚುತ್ತ ಹೋಗಿ ಕಡೆಗೆ ಕೈಬಿಟ್ಟ. ವಿಜ್ಞಾನವೇ ನಾಡಿನ ಕಣ್ಣು ಎಂಬಂಥ ಮಾತುಗಳಾದವು, ಮೇಜು ಕುಟ್ಟಿದರು. ಆಮೇಲೆ ಕಲಬುರಗಿಗೆ ಒಂದು ದೊಡ್ಡ ಪರಿಸರ ವಿಜ್ಞಾನ ಉದ್ಯಾನ ಎಂಬ ಘೋಷಣೆ ಬಂತು. ಬಣ್ಣದ ಕಾರಂಜಿ, ಗಾಜಿನ ಮನೆ, ಮಕ್ಕಳ ರೈಲು. ನಮ್ಮ ಕೋಣೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ತಟ್ಟಿದೆ. ನಮ್ಮೂರಿಗೆ ಏನೋ ಬಂತಲ್ಲ ಎಂದು ಖುಷಿಯಾಗಿತ್ತು.

ವಾರದ ನಂತರ ಬಜೆಟ್ಟಿನ ದಪ್ಪ ಪುಸ್ತಕಗಳು ಬಂದವು. ನಮ್ಮ ಸಾಲು ಹುಡುಕಿದೆ. ಬಾಳೆ ಯೋಜನೆಯ ಹೆಸರಿತ್ತು, ಕಳೆದ ವರ್ಷದ ಅಂಕಿಯಿತ್ತು, ಈ ವರ್ಷದ ಜಾಗದಲ್ಲಿ ಒಂದು ಅಡ್ಡಗೆರೆ. ಅಚ್ಚಿನ ತಪ್ಪಿರಬೇಕು ಎಂದುಕೊಂಡೆ. ನಿಜವಾಗಿಯೂ ಹಾಗೆಯೇ ಅಂದುಕೊಂಡೆ, ಅಷ್ಟು ದಡ್ಡಿ ನಾನು. ಸಾಹೇಬರ ಬಳಿ ಓಡಿದೆ.

ಅವರು ಪುಸ್ತಕವನ್ನು ನೋಡಲೂ ಇಲ್ಲ. "ಪೂರ್ಣ ಆದ ಯೋಜನಾ ಎಲ್ಲಾ ತೆಗದಾರಂತ್ರೀ ಈ ಸಲ. ಹೊಸಾದಕ್ಕ ಜಾಗಾ ಮಾಡಬೇಕಲ್ಲ," ಎಂದರು.

"ಆದ್ರ ಅದು ಪೂರ್ಣ ಆಗಿಲ್ಲಲ್ಲ ಸರ್! ನಿಮಗ ಗೊತ್ತದ. ನೀವ ಹಾಕ್ರಿ ಅಂದ್ರಿ."

"ನಾ ಎಲ್ಲಿ ಅಂದೀನಿ? ಫಾರಂ ಮ್ಯಾಲ ಸಹಿ ಯಾರ್ದು ಅದ, ನೋಡ್ಕೊಂಡ ಬರ್ರಿ."

ಮೈಯೆಲ್ಲ ಉರಿಯಿತು. ಸಕ್ಕರೆ ಹೆಚ್ಚಾದದ್ದಕ್ಕೆ ಕೂಗಾಡುವವಳು ಅಂದು ಪುಸ್ತಕ ಮುಚ್ಚಿಕೊಂಡು ಹೊರಗೆ ಬಂದೆ. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಕೆಲವು ದಿನಗಳ ನಂತರ ಉದ್ಯಾನದ ಫೈಲು ನನ್ನ ಮೇಜಿಗೆ ಬಂತು, ಗಿಡಗಳ ಪಟ್ಟಿಗೆ ಸಲಹೆ ಬರೆಯಲು. ಅದರ ಮೊದಲ ಹಾಳೆಯೇ ಮೂಲ ಪ್ರಸ್ತಾವ, ನಮ್ಮ ಸಾಹೇಬರ ಸಹಿಯದು. ಮುಕ್ತಾಯವಾಗಲಿರುವ ಬಾಳೆ ಯೋಜನೆಯ ಅನುದಾನವನ್ನೂ ಸಿಬ್ಬಂದಿಯನ್ನೂ ಇದಕ್ಕೆ ಬಳಸಿಕೊಳ್ಳಬಹುದು ಎಂದು ಬರೆದಿದ್ದರು. ತಾರೀಖು ನೋಡಿದೆ. ನಾನು ಫಾರಂ ಹಿಡಿದು ಅವರ ಕೋಣೆಗೆ ಹೋಗುವ ಎರಡು ತಿಂಗಳು ಮೊದಲಿನದು. ಅಂದರೆ ನಾ ಅದೀನಲ್ಲ ಎಂದು ಹೇಳುವಾಗ ಆ ಮನುಷ್ಯನ ಮೇಜಿನ ಕಪಾಟಿನಲ್ಲಿ ಈ ಹಾಳೆ ಇತ್ತು. ಅವರಿಗೆ ಬೇಕಾಗಿದ್ದದ್ದು ನನ್ನ ಒಂದು ಪದ ಮಾತ್ರ. ನಾನು ಅದನ್ನು ಮೊಹರು ಒತ್ತಿ ಕೊಟ್ಟಿದ್ದೆ.

ಏಪ್ರಿಲ್ ಬಂತು. ಗುತ್ತಿಗೆಯ ಹೆಣ್ಣುಮಕ್ಕಳಿಬ್ಬರೂ ಹೋದರು. ತಂಪು ಕೋಣೆಯ ಯಂತ್ರಗಳ ದುರಸ್ತಿಯ ಕರಾರು ಮುಗಿಯಿತು. ಕಲಬುರಗಿಯ ಏಪ್ರಿಲ್ಲಿನಲ್ಲಿ ಮನುಷ್ಯರೇ ಬಾಡುತ್ತಾರೆ, ಬಾಟಲಿಯೊಳಗಿನ ಬೆರಳುದ್ದದ ಗಿಡ ಎಷ್ಟು ತಡೆಯುತ್ತದೆ? ಎರಡು ಯಂತ್ರಗಳಲ್ಲಿ ಒಂದು ಮೊದಲ ವಾರವೇ ನಿಂತಿತು, ಇನ್ನೊಂದು ಮೂರನೆಯ ವಾರ. ಪತ್ರ ಬರೆದೆ. ಪೂರ್ಣಗೊಂಡ ಯೋಜನೆಗೆ ನಿರ್ವಹಣಾ ವೆಚ್ಚಕ್ಕೆ ಅವಕಾಶವಿರುವುದಿಲ್ಲ ಎಂದು ಉತ್ತರ ಬಂತು. ಇನ್ನೊಂದು ಬರೆದೆ, ಅದಕ್ಕೆ ಉತ್ತರವೇ ಇಲ್ಲ. ಕಿಟಕಿಗೆ ಒದ್ದೆ ಗೋಣಿ ಕಟ್ಟಿದೆ. ಸೂಪರ್ ಮಾರ್ಕೆಟ್ಟಿನಿಂದ ಆಟೊದಲ್ಲಿ ಐಸಿನ ಗಡ್ಡೆ ತಂದು ಬೋಗುಣಿಗಳಲ್ಲಿಟ್ಟೆ. ಆಟೊದವನು, "ಮೇಡಂ, ಘರ್ ಮೇ ಶಾದಿ ಹೈ ಕ್ಯಾ?" ಎಂದು ಕೇಳಿದ, ಇಷ್ಟು ಐಸು ಮನೆಯ ಮದುವೆಗೇ ಇರಬೇಕೆಂದು. ನಾನು ಅವನ ಮೇಲೆ ರೇಗಿದೆ. ಪಾಪ, ಅವನದೇನು ತಪ್ಪು.

ಹಲಗೆಗಳ ಮೇಲೆ ಬಾಟಲಿಗಳು ಒಂದೊಂದಾಗಿ ಮಂಜಾದವು. ಎಲೆಯ ಅಂಚು ಕಪ್ಪಾಯಿತು, ಆಹಾರದ ಮೇಲೆ ಬಿಳಿ ಬೂಷ್ಟು ಹಬ್ಬಿತು. ಇನ್ನೂ ಹಸಿರಾಗಿದ್ದ ಹನ್ನೊಂದು ಬಾಟಲಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಶಹಾಬಜಾರದ ಮನೆಗೆ ತಂದೆ. ಹಳೆಯ ಕಲ್ಲಿನ ಮನೆ, ಒಳಕೋಣೆಯಲ್ಲಿ ನೀರಿನ ಗಡಿಗೆಗಳಿಡುವ ಕಟ್ಟೆ ಸದಾ ತಂಪು. ಇನ್ನೂ ಬೇರು ಬಿಡದ ಸಸಿಗಳನ್ನು ಮಣ್ಣಿಗಿಡುವಂತಿರಲಿಲ್ಲ. ಗಡಿಗೆಗಳ ನಡುವೆ ಬಾಟಲಿ ಜೋಡಿಸಿದೆ. ಅವ್ವ ಗಡಿಗೆಗಳಿಗೆ ಒದ್ದೆ ಬಟ್ಟೆ ಸುತ್ತಿದಳು, ದಿನಕ್ಕೆ ನಾಲ್ಕು ಸಲ ಅದನ್ನು ತೋಯಿಸುತ್ತಿದ್ದಳು. ಹನ್ನೊಂದು ಆರಾಯಿತು, ಆರು ಎರಡಾಯಿತು. ಮೇ ತಿಂಗಳ ಒಂದು ಬೆಳಿಗ್ಗೆ ನಾನು ಏಳುವ ಮೊದಲೇ ಅವ್ವ ಕೊನೆಯದನ್ನು ತೊಳೆದು ಬೋರಲು ಹಾಕಿದ್ದಳು.

ಗುರುವಾರದ ಫೋನು ಈ ದಿನಗಳಲ್ಲೂ ಬರುತ್ತಿತ್ತು. "ನಮ್ಮವು ಹೆಂಗ ಅದಾವ?" ಎಂದು ಅಕ್ಕ ಕೇಳುತ್ತಿದ್ದಳು. ಚಲೋ ಅದಾವ ಅಕ್ಕಾ ಎಂದೆ. ಮೊದಲ ಸಲ ಹೇಳಿದಾಗ ಇನ್ನೂ ಉಳಿಸಬಹುದೆಂಬ ಆಸೆಯಿತ್ತು. ಮುಂದಿನ ಸಲಗಳಿಗೆ ಅಂಥ ಯಾವ ನೆಪವೂ ಇಲ್ಲ. ಹೇಳಲು ಧೈರ್ಯವಿರಲಿಲ್ಲ, ಅಷ್ಟೇ. ಸಾಹೇಬರು ನನಗೆ ಮಾಡಿದ್ದನ್ನೇ ನಾನು ಅವಳಿಗೆ ಮಾಡುತ್ತಿದ್ದೇನೆ ಎಂದು ಗೊತ್ತಿದ್ದೂ ಹೇಳಿದೆ. ಕಮಲಾಪುರಕ್ಕೆ ಹೋಗುವುದನ್ನೇ ಬಿಟ್ಟೆ. ಕೆಲಸ ಬಹಳ ಎಂದು ನೆಪ ಹೇಳಿದೆ.

ಉದ್ಯಾನ ಮಾತ್ರ ಹೇಳಿದ ಹೊತ್ತಿಗೆ ಮುಗಿಯಿತು. ಉದ್ಘಾಟನೆಗೆ ಪ್ರಗತಿಪರ ರೈತರನ್ನು ಸನ್ಮಾನಿಸುವುದೆಂದಾಯಿತು. ಪಟ್ಟಿ ಮಾಡಿದ್ದು ಸಾಹೇಬರು, ಅವರಿಗೆ ಈಗ ಉದ್ಯಾನದ ಹೊಣೆಯೂ ಇತ್ತು. ಪಟ್ಟಿಯಲ್ಲಿ ಅಕ್ಕನ ಹೆಸರೂ ಇತ್ತು. ಬಾಳೆ ಯೋಜನೆ ಪೂರ್ಣಗೊಂಡಿದೆ, ಆದ್ದರಿಂದ ಅದರ ಫಲಾನುಭವಿಗೆ ಶಾಲು. ಕಾಗದದ ಪ್ರಕಾರ ಎಲ್ಲ ಸರಿಯಾಗಿಯೇ ಇತ್ತು.

ಅಕ್ಕ ಇಳಕಲ್ ಸೀರೆ ಉಟ್ಟು ಬಂದಳು. ವೇದಿಕೆಯ ಮೇಲೆ ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿಯಲ್ಲಿ ಬೇರೆ ಯಾರದೋ ತೋಟದ ಕೆಂಪು ಬಾಳೆ, ಅಂದು ಬೆಳಿಗ್ಗೆ ಸೂಪರ್ ಮಾರ್ಕೆಟ್ಟಿನಿಂದ ತಂದದ್ದು. ಕೆಳಗಿಳಿದ ಮೇಲೆ ಉದ್ಯಾನ ತೋರಿಸಿದರು. ನಟ್ಟನಡುವೆ ಫೈಬರಿನಲ್ಲಿ ಮಾಡಿದ ಆಳೆತ್ತರದ ಕೆಂಪು ಬಾಳೆಗೊನೆ ಇತ್ತು, ಜನ ಅದರ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅಕ್ಕ ಅದನ್ನು ಬೆರಳಿನಿಂದ ತಟ್ಟಿ ನೋಡಿ, "ಒಳಗ ಖಾಲಿ ಅದ," ಎಂದು ನನ್ನ ಕಡೆ ತಿರುಗಿ ನಕ್ಕಳು. "ನಡಿ ತಂಗಿ. ಇಲ್ಲಿತನಾ ಬಂದೀನಿ, ನಮ್ಮವು ತೋರಸು. ಇಷ್ಟೊತ್ತಿಗೆ ಹೊರಗ ಬಂದಿರ್ಬೇಕು."

ಆಗಲೂ ಹೇಳಬಹುದಿತ್ತು. ಆಟೊ ಹತ್ತಿದೆವು. ದಾರಿಯುದ್ದಕ್ಕೂ ಅಕ್ಕ ತೋಟದ ಮಾತಾಡಿದಳು. ಎರಡು ಸಲ ಜೋಳ ಬೆಳೆದಾಗಿದೆ, ಸಗಣಿ ಗೊಬ್ಬರ ಬಿದ್ದಿದೆ, ಗುಂಡಿಗಳನ್ನೂ ತೋಡಿಸಿದ್ದಾಳೆ, ಹೇಳಿದಷ್ಟೇ ಅಂತರ ಬಿಟ್ಟು. ಎಷ್ಟು ಗುಂಡಿ ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು. ನೂರು.

ಕೇಂದ್ರದ ತಂಪು ಕೋಣೆಯ ಬೀಗ ತೆಗೆದೆ. ಒಳಗೆ ಬಿಸಿ ಗಾಳಿ. ಹಲಗೆಗಳು ಖಾಲಿ. ತೊಳೆದ ಬಾಟಲಿಗಳನ್ನು ಮೂಲೆಯಲ್ಲಿ ಪೆಟ್ಟಿಗೆಗಳಲ್ಲಿ ತುಂಬಿಟ್ಟಿದ್ದೆ. ಅಕ್ಕ ಬಾಗಿಲಲ್ಲೇ ನಿಂತಳು. ಇದು ಬೇರೆ ಕೋಣೆಯಿರಬೇಕು ಎಂಬಂತೆ ನನ್ನ ಮುಖ ನೋಡಿದಳು. ನಾನು ಎಲ್ಲವನ್ನೂ ಹೇಳಿದೆ. ಫಾರಂ, ಸಹಿ, ಅಡ್ಡಗೆರೆ, ಏಪ್ರಿಲ್, ಗಡಿಗೆಗಳ ಕಟ್ಟೆ, ಗುರುವಾರಗಳ ಸುಳ್ಳು. ಸಾಹೇಬರು ಹೇಳಿದ್ದಕ್ಕೆ ಬರೆದೆ ಎಂದೂ ಹೇಳಿದೆ. ಹೇಳುವಾಗಲೇ ಅದು ನನಗೇ ಹೊಲಸಾಗಿ ಕೇಳಿಸಿತು.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಸ್ಟೂಲಿನ ಮೇಲೆ ಕೂತು, ಹೊದ್ದ ಶಾಲನ್ನು ತೆಗೆದು ಮಡಚಿ ತೊಡೆಯ ಮೇಲಿಟ್ಟುಕೊಂಡಳು.

"ಚಾ ಮಾಡ್ಲಿ ಅಕ್ಕಾ?" ಎಂದೆ.

"ಬ್ಯಾಡ್ರಿ, ಮೇಡಂ," ಎಂದಳು.

ಅವಳ ಬಾಯಲ್ಲಿ ಆ ಮಾತನ್ನು ನಾನು ಮೊದಲ ದಿನವೂ ಕೇಳಿರಲಿಲ್ಲ. ತೋಟದ ಬಾಗಿಲಲ್ಲಿ ಅಡ್ಡ ನಿಂತು ಬೈದ ದಿನ ಕೂಡ ನೀ ಅಂದಿದ್ದಳು.

"ಅವತ್ತ ಒಂದು ಪುಸ್ತಕ ತಗದಿದ್ರಿ ನೋಡ್ರಿ," ಎಂದಳು. "ಗುಲಾಬಿ ಕಾಗದದ್ದು. ಅದ ಏನ್ರಿ ಇನ್ನ?"

ಇತ್ತು. ಮೇಜಿನ ಕಪಾಟಿನಿಂದ ತೆಗೆದೆ.

"ಬರೀರಿ. ಏಳು ಮರಿ ಒಯ್ದೀನಿ ಅಂತ. ವಾಪಸ್ ಕೊಟ್ಟಿಲ್ಲ ಅಂತ."

ಬರೆದೆ. ಕಮಲಾಪುರದ ತೋಟದಿಂದ ಕೆಂಪು ಬಾಳೆಯ ಏಳು ಮರಿಗಳನ್ನು ಪಡೆಯಲಾಗಿದೆ, ಮರಳಿಸಿಲ್ಲ. ಪಡೆಯಲಾಗಿದೆ ಎಂಬುದನ್ನು ಹೊಡೆದು ಹಾಕಿ, ನಾನು ಪಡೆದಿದ್ದೇನೆ ಎಂದು ತಿದ್ದಿದೆ. ಅಕ್ಕ ಅದನ್ನು ತೆಗೆದುಕೊಂಡು ಅಕ್ಷರದ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದಳು. ಅತ್ತೆಯ ಮನೆತನದಲ್ಲಿ ಬಾಳೆಯ ಬಗ್ಗೆ ಬರೆದ ಮೊದಲ ಕಾಗದ ಅದು. ಸಹಿಗೆಂದು ಮರಳಿ ನನ್ನ ಮುಂದಿಟ್ಟಳು. ಹಾಕಿದೆ, ಸಹಿ ಸೊಟ್ಟಗಾಯಿತು.

ಗುಲಾಬಿ ಪ್ರತಿಯನ್ನು ನಾಲ್ಕಾಗಿ ಮಡಚಿ ಎಲೆಯಡಿಕೆಯ ಚೀಲದಲ್ಲಿಟ್ಟುಕೊಂಡಳು. ಶಾಲು, ಹಣ್ಣಿನ ಬುಟ್ಟಿ ಎರಡನ್ನೂ ಎತ್ತಿಕೊಂಡಳು. ಬಾಗಿಲ ತನಕ ಹೋದವಳು ಏನೋ ನೆನಪಾದಂತೆ ನಿಂತು ಕೇಳಿದಳು:

"ಇದನ್ನ ಎಲ್ಲಿ ತೋರಸ್ಬೇಕ್ರಿ?"

ನಾನು ಇಪ್ಪತ್ತು ವರ್ಷ ಸರ್ಕಾರದ ನೌಕರಿ ಮಾಡಿದವಳು. ಯಾವ ಕಾಗದವನ್ನು ಯಾವ ಕಿಟಕಿಯಲ್ಲಿ ಕೊಡಬೇಕೆಂದು ಊರಿನವರೆಲ್ಲ ನನ್ನನ್ನೇ ಕೇಳುತ್ತಾರೆ. ಗೊತ್ತಿಲ್ಲ ಎಂದೆ. ಅವಳು ತಲೆಯಾಡಿಸಿ, ಕಮಲಾಪುರದ ಬಸ್ಸಿಗೆ ಹೊತ್ತಾಯಿತೆಂದು ಹೋದಳು.